ಹೆಸರಿಲ್ಲದ ಓದುಗರ ಪತ್ರಿಕೆ

ಓದುಗರು ಪತ್ರಿಕೆಗೆ ಪತ್ರ ಬರೆಯುವುದು ಇಂದು ತೀರ ಸಹಜವಾದ ಸಂಗತಿ. ವಾಚಕರ ಪತ್ರಗಳಿಗೆ ಜಾಗವಿಲ್ಲದ ದಿನಪತ್ರಿಕೆ ವಿರಳ. ವಾರಪತ್ರಿಕೆ ಕೈಗೆ ಬಂದೊಡನೆ ಪ್ರಶ್ನೋತ್ತರದ ಪುಟವನ್ನೇ ಮೊದಲು ತೆರೆಯುವವರೂ ಕಡಿಮೆಯೇನಿಲ್ಲ. ಆದರೆ ಪತ್ರಿಕೆಗಳ ಆರಂಭ ಕಾಲದಲ್ಲಿ ಹೇಳುವ ಹಕ್ಕು ಅಚ್ಚು ಹಾಕಿಸುವವನದು. ಕೇಳಿಕೊಂಡಿರುವುದು ಓದುಗನ ಪಾಲು. ಈ ರೂಢಿಯನ್ನು ತಲೆಕೆಳಗು ಮಾಡಿದವನು ಲಂಡನ್ನಿನ ಪುಸ್ತಕ ವ್ಯಾಪಾರಿ ಜಾನ್ ಡಂಟನ್.

ಡಂಟನ್ 1691ರ ಮಾರ್ಚ್ 17ರಂದು ‘ಅಥೀನಿಯನ್ ಗೆಜೆಟ್’ ಎಂಬ ಒಂದು ಹಾಳೆಯ ಪತ್ರಿಕೆಯನ್ನು ಹೊರತಂದ. ‘ಗೆಜೆಟ್’ ಎಂಬ ಹೆಸರಿಗೆ ಆಕ್ಷೇಪ ಬಂದುದರಿಂದ ಅದು ಬೇಗನೆ ‘ಅಥೀನಿಯನ್ ಮರ್ಕ್ಯುರಿ’ ಆಯಿತು. ಸದಾ ಹೊಸತನ್ನೇ ಹೇಳಿ ಕೇಳಿ ಕಾಲ ಕಳೆಯುವವರು ಎಂದು ಬೈಬಲ್ ಬಣ್ಣಿಸುವ ಅಥೆನ್ಸಿನ ಜನರೇ ಈ ಹೆಸರಿಗೆ ಮೂಲ. ಪತ್ರಿಕೆಯಲ್ಲಿ ಸುದ್ದಿ ಇರಲಿಲ್ಲ. ಇದ್ದುದು ಓದುಗರ ಪ್ರಶ್ನೆಗಳು, ಅವಕ್ಕೆ ಉತ್ತರಗಳು, ಅಷ್ಟೆ. ಯಾರು ಏನನ್ನು ಬೇಕಾದರೂ ಕೇಳಬಹುದು, ಉತ್ತರ ಉಚಿತ, ಕೇಳಿದವರ ಗುರುತು ಗುಟ್ಟು.

ಇದಕ್ಕೆ ಎರಡು ಹೊಸ ಅನುಕೂಲಗಳು ಒದಗಿ ಬಂದವು. 1680ರಲ್ಲಿ ವಿಲಿಯಂ ಡಾಕ್ರಾ ಆರಂಭಿಸಿದ್ದ ಪೆನ್ನಿ ಅಂಚೆಯಿಂದ ಒಂದು ಪೆನ್ನಿಗೆ ಲಂಡನ್ನಿನ ಯಾವ ಮೂಲೆಗಾದರೂ ಪತ್ರ ತಲುಪುತ್ತಿತ್ತು. ಇನ್ನೊಂದು, ಕಾಫಿ ಮನೆಗಳು. ಪ್ರಶ್ನೆಗಳು ಬಂದು ಸೇರಬೇಕಾದ ವಿಳಾಸವೇ ಸ್ಮಿತ್ ಎಂಬುವನ ಕಾಫಿ ಮನೆ. ಅಂಥ ಮನೆಗಳಲ್ಲಿ ಒಂದು ಪ್ರತಿ ಹಲವರ ಕೈ ದಾಟುತ್ತಿತ್ತು. ಒಬ್ಬನ ಸಂದೇಹ ಹತ್ತು ಜನರ ಚರ್ಚೆಯಾಗುತ್ತಿತ್ತು.

ಪ್ರಶ್ನೆಗಳು ಪ್ರವಾಹದಂತೆ ಬಂದವು. ಆತ್ಮದ ಸ್ವರೂಪ, ನಕ್ಷತ್ರಗಳ ಚಲನೆ, ಗಣಿತ, ಪ್ರೇಮ, ಮದುವೆ, ಪಾಪಪ್ರಜ್ಞೆ ಎಲ್ಲವೂ ಒಂದೇ ಹಾಳೆಯಲ್ಲಿ ಸೇರಿಕೊಂಡವು. ಇರುವ ಪ್ರಶ್ನೆಗಳು ಮುಗಿಯುವ ತನಕ ಹೊಸದನ್ನು ಕಳಿಸಬೇಡಿ ಎಂದು ಪತ್ರಿಕೆ ಬೇಡಿಕೊಳ್ಳಬೇಕಾಯಿತು. ಮಹಿಳೆಯರೂ ಬರೆಯಬಹುದೆಂದು ಪತ್ರಿಕೆ ಸಾರಿತು. ಅವರ ಪ್ರಶ್ನೆಗಳಿಗೆಂದೇ ಸಂಚಿಕೆಗಳನ್ನು ಮೀಸಲಿಟ್ಟಿತು. ಹೆಣ್ಣುಮಕ್ಕಳು ವಿದ್ಯೆ ಕಲಿಯುವುದು ಸರಿಯೇ ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರ ಕಲಿಕೆಯ ಪರವಾಗಿತ್ತು. ಸಾಮರ್ಸೆಟ್ ಪ್ರಾಂತ್ಯದ ಎಲಿಜಬೆತ್ ಸಿಂಗರ್ ಎಂಬ ತರುಣಿ ಹೆಸರು ಮರೆಮಾಚಿ ಕಳಿಸಿದ ಕವಿತೆಗಳು ಇಲ್ಲಿ ಅಚ್ಚಾದವು. 1696ರಲ್ಲಿ ಡಂಟನ್‌ನೇ ಅವಳ ಕವನ ಸಂಕಲನ ಪ್ರಕಟಿಸಿದ. ಓದುಗಳಾಗಿ ಬಂದವಳು ಕವಯಿತ್ರಿಯಾದಳು.

ಉತ್ತರ ಕೊಡುತ್ತಿದ್ದವರು ಯಾರು? ವಿದ್ವಾಂಸರ ದೊಡ್ಡ ಮಂಡಳಿಯೊಂದಿದೆ ಎಂಬ ಭಾವನೆಯನ್ನು ಪತ್ರಿಕೆ ಹುಟ್ಟಿಸಿತ್ತು. 1692ರಲ್ಲಿ ತರುಣ ಜೊನಾಥನ್ ಸ್ವಿಫ್ಟ್ ಇದನ್ನು ನಂಬಿ ಆ ಮಂಡಳಿಯನ್ನು ಹೊಗಳಿ ಪದ್ಯ ಬರೆದ. ವಾಸ್ತವದಲ್ಲಿ ಮುಖ್ಯವಾಗಿ ಇದ್ದವರು ಮೂವರು: ಡಂಟನ್, ಗಣಿತ ಬಲ್ಲ ರಿಚರ್ಡ್ ಸಾಲ್ಟ್ ಮತ್ತು ಡಂಟನ್‌ನ ಷಡ್ಡಕ, ಪಾದ್ರಿ ಸ್ಯಾಮ್ಯುಯೆಲ್ ವೆಸ್ಲಿ. ಕೆಲವು ಪ್ರಶ್ನೆಗಳನ್ನು ಇವರೇ ಕಟ್ಟಿಕೊಳ್ಳುತ್ತಾರೆಂಬ ಗುಮಾನಿಯೂ ಇತ್ತು. ಟಾಮ್ ಬ್ರೌನ್ ಪೈಪೋಟಿಯ ಪತ್ರಿಕೆ ಹೊರಡಿಸಿ ಗೇಲಿ ಮಾಡಿದ. ಎಲ್ಕಾನಾ ಸೆಟ್ಲ್ 1693ರಲ್ಲಿ ಇವರನ್ನು ಹಾಸ್ಯ ಮಾಡುವ ನಾಟಕವನ್ನೇ ಬರೆದ.

ಉತ್ತರಿಸುವವರ ಪಾಂಡಿತ್ಯದಲ್ಲಿ ಇಷ್ಟೊಂದು ಬೂಟಾಟಿಕೆ ಇದ್ದರೂ ಪತ್ರಿಕೆ 1697ರವರೆಗೆ ಬಾಳಿತು. ಅದಕ್ಕೆ ಕಾರಣ ಸರಳ. ಪಾದ್ರಿಯ ಮುಂದೆ, ಗಂಡನ ಮುಂದೆ, ಯಜಮಾನನ ಮುಂದೆ ಬಾಯಿ ಬಿಡಲಾಗದ ಮಾತನ್ನು ಇಲ್ಲಿ ನಾಚಿಕೆಯಿಲ್ಲದೆ ಕೇಳಬಹುದಿತ್ತು. ಕೇಳಿದ ಪ್ರಶ್ನೆಗೆ ಅಚ್ಚಿನಲ್ಲಿ ಮರ್ಯಾದೆ ಸಿಗುತ್ತಿತ್ತು. ತನ್ನಂಥದೇ ಚಿಂತೆ ಇನ್ನೊಬ್ಬರಿಗೂ ಇದೆ ಎಂದು ತಿಳಿದಾಗ ಪರಸ್ಪರ ಮುಖ ನೋಡದವರ ನಡುವೆಯೂ ಒಂದು ಬಳಗ ಬೆಳೆಯಿತು.

ಮುಂದಿನವರು ಈ ಪಾಠವನ್ನು ಮರೆಯಲಿಲ್ಲ. ಅಡಿಸನ್ ಮತ್ತು ಸ್ಟೀಲ್ 1711ರಲ್ಲಿ ಆರಂಭಿಸಿದ ‘ಸ್ಪೆಕ್ಟೇಟರ್’ ಓದುಗರ ಪತ್ರಗಳನ್ನು ಧಾರಾಳವಾಗಿ ಬಳಸಿತು. 1713ರಲ್ಲಿ ‘ಗಾರ್ಡಿಯನ್’ ಪತ್ರಿಕೆಗಾಗಿ ಅಡಿಸನ್ ಬಟನ್ ಕಾಫಿ ಮನೆಯಲ್ಲಿ ಸಿಂಹದ ತಲೆಯ ಅಂಚೆಪೆಟ್ಟಿಗೆಯನ್ನೇ ಇರಿಸಿದ. ತೆರೆದ ಬಾಯಿಗೆ ಯಾರು ಬೇಕಾದರೂ ಪತ್ರ ಹಾಕಬಹುದಿತ್ತು. ವೆನಿಸ್ ನಗರದಲ್ಲಿ ಇಂಥವೇ ಸಿಂಹದ ಬಾಯಿಗಳು ಗುಟ್ಟಾಗಿ ದೂರು ಕೊಡಲು ಇದ್ದವು. ಅಲ್ಲಿ ಹೆಸರಿಲ್ಲದ ಚೀಟಿ ನೆರೆಯವನನ್ನು ಸೆರೆಮನೆಗೆ ನೂಕಬಹುದಿತ್ತು. ಲಂಡನ್ನಿನಲ್ಲಿ ಅದು ಹರಟೆಗೆ ಸಾಮಗ್ರಿಯಾಯಿತು. ಹೆಸರು ಮರೆಸುವ ಸ್ವಾತಂತ್ರ್ಯ ಎರಡೂ ಕಡೆ ಒಂದೇ. ಅದರಿಂದ ಭಯ ಬೆಳೆಯುವುದೋ ಬಳಗ ಬೆಳೆಯುವುದೋ ಎಂಬುದು ಪತ್ರ ತೆಗೆದು ಓದುವವರ ಉದ್ದೇಶವನ್ನು ಅವಲಂಬಿಸಿತ್ತು.