ಕರುಳಿನ ತಂತಿ

ಕನ್ನಡಿಗರಿಗೆ ತಂತಿಯೆಂದೊಡನೆ ಲೋಹದ ಎಳೆಯೇ ಮನಸ್ಸಿಗೆ ಬರುವುದು. ಆದರೆ ಇದಕ್ಕೆ ಮೂಲವಾದ ತಂತ್ರೀ ಶಬ್ದವು ಹರಡು, ಎಳೆ ಎಂಬರ್ಥದ ‘ತನ್’ ಧಾತುವಿನಿಂದ ಹುಟ್ಟಿದುದು. ಎಳೆದು ಬಿಗಿದುದು ಲೋಹವೇ ಆಗಿರಬೇಕೆಂಬ ನಿಯಮವಿಲ್ಲ. ಸ್ಪೇನ್ ದೇಶದ ಗಿಟಾರು ವಾದ್ಯಕ್ಕೆ ಶತಮಾನಗಳ ಕಾಲ ಕಟ್ಟುತ್ತಿದ್ದುದು ಕುರಿಯ ಕರುಳಿನ ತಂತಿ. ಇಂಗ್ಲಿಷರು ಅದಕ್ಕೆ ಬೆಕ್ಕಿನ ಕರುಳೆಂಬ ಹೆಸರನ್ನು ಏತಕ್ಕಿಟ್ಟರೋ! ಪಾಪ, ಬೆಕ್ಕು ಈ ವಿಷಯದಲ್ಲಿ ನಿರಪರಾಧಿ.

ಕ್ರಿ. ಶ. 1800ರ ಸುಮಾರಿಗೆ ಐದು ಜೋಡಿ ತಂತಿಗಳ ಹಳೆಯ ಪದ್ಧತಿಯು ಹೋಗಿ ಆರು ಒಂಟಿ ತಂತಿಗಳ ಪದ್ಧತಿಯು ನೆಲೆಗೊಂಡಿತು. ಮೇಲಿನ ಸ್ವರಗಳ ಮೂರು ತಂತಿಗಳು ಬರಿಯ ಕರುಳಿನವು. ಮಂದ್ರದ ಮೂರು, ರೇಷ್ಮೆಯ ಎಳೆಗಳ ಮೇಲೆ ಬೆಳ್ಳಿಯ ಲೇಪವುಳ್ಳ ತಾಮ್ರದ ಸರಿಗೆಯನ್ನು ಸುತ್ತಿದವು. ಕರುಳನ್ನು ತೊಳೆದು, ಹೆರೆದು, ಹಸಿಯಾಗಿರುವಾಗಲೇ ಹುರಿಗೊಳಿಸಿ, ಎಳೆದು ಕಟ್ಟಿ ಒಣಗಿಸಿ, ನಯಮಾಡುತ್ತಿದ್ದರು. ನಾದವೇನೋ ಮಧುರ. ಆದರೆ ಅದು ಹವೆಯ ತೇವವನ್ನು ಕುಡಿದು ಉಬ್ಬುವುದು, ಒಣ ಹವೆಯಲ್ಲಿ ಸೆಡೆಯುವುದು, ಶ್ರುತಿ ನಿಲ್ಲದು. ಬೆರಳಿನ ಬೆವರಿಗೆ ಎಳೆಗಳು ಬಿಚ್ಚಿಕೊಳ್ಳುವುವು. ತೆಳ್ಳಗಿನ ಮೊದಲನೆಯ ತಂತಿಯು ಸಭೆಯ ನಡುವೆಯೇ ಹರಿದೀತೆಂಬ ಭಯವಂತೂ ವಾದಕನನ್ನು ಬಿಡುತ್ತಿರಲಿಲ್ಲ. ಹರಿದರೆ, ತುಂಡನ್ನು ತೆಗೆದು, ಹೊಸದನ್ನು ಕುದುರೆಗೆ ಗಂಟುಹಾಕಿ, ಬಿರಡೆಗೆ ಸುತ್ತಿ, ಶ್ರುತಿಗೂಡಿಸುವವರೆಗೆ ಸಭಿಕರು ಕಾದಿರಬೇಕು.

1939ರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಯಿತು. ಶಸ್ತ್ರವೈದ್ಯರು ಗಾಯವನ್ನು ಹೊಲಿಯುತ್ತಿದ್ದುದೂ ಇದೇ ಕರುಳಿನ ದಾರದಿಂದ. ವೈದ್ಯನ ಸೂಜಿಗೋ ವಾದಕನ ಬಿರಡೆಗೋ ಎಂಬ ಪ್ರಶ್ನೆಯಲ್ಲಿ ನ್ಯಾಯವು ಯಾವ ಕಡೆಗಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಗಿಟಾರಿಗೆ ದೊಡ್ಡ ಸಂಗೀತಸಭೆಗಳಲ್ಲಿ ಗೌರವವನ್ನು ಗಳಿಸಿಕೊಟ್ಟ ಆಂದ್ರೆಸ್ ಸೆಗೋವಿಯನ (1893–1987) ಕೈಯಲ್ಲಿ ಆಗ ಜರ್ಮನಿಯ ಹೆರ್ಮಾನ್ ಹೌಸರನು 1937ರಲ್ಲಿ ಮಾಡಿದ ಉತ್ಕೃಷ್ಟ ವಾದ್ಯವಿದ್ದಿತು. ಇದ್ದೇನು? ತಂತಿಯಿಲ್ಲದಿದ್ದರೆ ಅದೂ ಮರದ ಪೆಟ್ಟಿಗೆಯೇ.

ಪರಿಹಾರವು ಸಂಗೀತದ ಗಂಧವೇ ಇಲ್ಲದ ಕಡೆಯಿಂದ ಬಂದಿತು. ಅಮೆರಿಕದ ಡ್ಯೂಪಾಂಟ್ ಕಂಪೆನಿಯ ರಸಾಯನಶಾಸ್ತ್ರಜ್ಞ ವಾಲೆಸ್ ಕ್ಯಾರೊಥರ್ಸನು 1935ರಲ್ಲಿ ನೈಲಾನನ್ನು ನಿರ್ಮಿಸಿದ್ದನು. 1937ರಲ್ಲಿಯೇ ತೀರಿಕೊಂಡುದರಿಂದ ತನ್ನ ಸೃಷ್ಟಿಯ ವೈಭವವನ್ನು ಅವನು ಕಾಣಲಿಲ್ಲ. 1940ರಲ್ಲಿ ಅದು ಸ್ತ್ರೀಯರ ಕಾಲುಚೀಲವಾಗಿ ಅಂಗಡಿಗಳಿಗೆ ಬಂದು, ಯುದ್ಧದಲ್ಲಿ ಪ್ಯಾರಾಚೂಟಾಯಿತು. ನ್ಯೂಯಾರ್ಕಿನಲ್ಲಿ ನೆಲಸಿದ್ದ, ಡೆನ್ಮಾರ್ಕ್ ಮೂಲದ ವಾದ್ಯಶಿಲ್ಪಿ ಆಲ್ಬರ್ಟ್ ಅಗಸ್ಟೀನನು ಈ ಎಳೆಯನ್ನು ಗಿಟಾರಿಗೆ ಹೊಂದಿಸಲು ಪಟ್ಟ ಶ್ರಮವು ಅಲ್ಪವಲ್ಲ. ತಂತಿಯ ಗಾತ್ರವು ಉದ್ದಕ್ಕೂ ಸಮವಾಗಿಲ್ಲದಿದ್ದರೆ ಸ್ವರವು ಅಪಸ್ವರವಾಗುವುದು. ಮೊದಲಿನ ನೈಲಾನ್ ತಂತಿಗಳಲ್ಲಿ ಲೋಹದ ಛಾಯೆಯಿದೆಯೆಂದು ಸೆಗೋವಿಯನ ಸೂಕ್ಷ್ಮಶ್ರವಣವು ಗುರುತಿಸಿತು. ಅವನು ನುಡಿಸಿ ನೋಡುವುದು, ಇವನು ತಿದ್ದುವುದು. ಹೀಗೆ ನಡೆದು, ಆ ದಶಕದ ಕೊನೆಯ ಹೊತ್ತಿಗೆ ನೈಲಾನ್ ತಂತಿಯು ಮಾರಾಟಕ್ಕೆ ಬಂದಿತು. ಮಂದ್ರದ ತಂತಿಗಳೊಳಗಿನ ರೇಷ್ಮೆಯ ಸ್ಥಾನವನ್ನೂ ಅದೇ ಆಕ್ರಮಿಸಿತು.

ಹೊಸ ನೈಲಾನ್ ತಂತಿಯು ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುವುದು. ಪದೇ ಪದೇ ಬಿರಡೆಯನ್ನು ತಿರುಗಿಸಬೇಕು. ಬಳಿಕ ಶ್ರುತಿಯಲ್ಲಿ ನಿಲ್ಲುವುದು. ಯುದ್ಧ ಮುಗಿದು ಕರುಳು ಮತ್ತೆ ದೊರೆತರೂ ಗಿಟಾರುವಾದಕರಲ್ಲಿ ಬಹುಮಂದಿ ಅದರ ಕಡೆಗೆ ತಿರುಗಲಿಲ್ಲ. ಪುರಾತನ ಸಂಗೀತವನ್ನು ಪುರಾತನ ನಾದದಲ್ಲಿಯೇ ಕೇಳಬೇಕೆಂಬ ಕೆಲವರು ಮಾತ್ರ ಈಗಲೂ ಕುರಿಯ ಕರುಳನ್ನೇ ಬಿಗಿದು, ಒಂದೆರಡು ಕೃತಿಗಳಿಗೊಮ್ಮೆ ನಿಲ್ಲಿಸಿ ಶ್ರುತಿಮಾಡಿಕೊಳ್ಳುತ್ತಾರೆ.