ಅವ್ವನ ಬಟ್ಟೆಯ ಆನೆ

ಕಲಬುರಗಿಯವನಾದ ನನಗೆ ಇತಿಹಾಸವೆಂದರೆ ಬಹುಕಾಲ ಕೋಟೆಯೇ ಆಗಿತ್ತು. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯದ ಅರಸರು ಆಳಿದ ಊರು ನಮ್ಮದು. ಆ ಅರಸರ ಹೆಸರುಗಳನ್ನು ಕಂಠಪಾಠ ಮಾಡಿದ ನಾನು, ಮನೆಯ ಗೂಡಿನಲ್ಲಿದ್ದ ಒಂದು ವಸ್ತುವನ್ನು ಇತಿಹಾಸವೆಂದು ಎಣಿಸಲೇ ಇಲ್ಲ. ಅದು ನನ್ನ ಅವ್ವ ಹೊಲಿದ ಬಟ್ಟೆಯ ಆನೆ.

ನಮ್ಮ ಮನೆ ಇದ್ದದ್ದು ಸ್ಟೇಶನ್ ಬಜಾರದಲ್ಲಿ. ಮುಂಬಯಿಯಿಂದ ಬಂದ ರೈಲುದಾರಿಯು ನಮ್ಮೂರನ್ನು ಹಾದು ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿಕೊಂಡದ್ದು 1871ರಲ್ಲಿ. ಅವ್ವ ನೆರೆಹೊರೆಯವರಿಗೆ ಕುಬಸ ಹೊಲಿದುಕೊಡುತ್ತಿದ್ದಳು. ಮಿಕ್ಕ ವೇಳೆಯಲ್ಲಿ ಹಳೆಯ ಸೀರೆಗಳ ಕೌದಿ. ಕೂಸುಗಳು ಅಂಬೆಗಾಲಿಡುವ ಮನೆಯಲ್ಲಿ ಸೂಜಿ ಕಳೆಯಿತೆಂದರೆ ದೊಡ್ಡ ದಿಗಿಲು. ಆ ದಿಗಿಲಿನಿಂದಲೇ ಆನೆ ಹುಟ್ಟಿತು.

ಗೇಣುದ್ದದ ಆನೆ. ಕೌದಿಯಿಂದ ಉಳಿದ ತುಂಡುಗಳೇ ಅದರ ಚರ್ಮ. ಸೂಜಿ ಅಲುಗದೆ ನಿಲ್ಲುವಂತೆ ಬೆನ್ನನ್ನು ಗಟ್ಟಿಯಾಗಿ ತುಂಬಿದ್ದಳು. ಒಳಗೆ ಅರಳೆಯ ಜೊತೆಗೆ ಬಾಚಣಿಗೆಯಿಂದ ಕೂಡಿಟ್ಟ ಕೂದಲು; ಕೂದಲಿನ ಎಣ್ಣೆಯಿಂದ ಸೂಜಿ ತುಕ್ಕು ಹಿಡಿಯುವುದಿಲ್ಲವೆಂಬುದು ಅವಳ ಅನುಭವ. ಬೆನ್ನ ಮೇಲಿನ ಜೂಲಿನ ಎರಡೂ ಬದಿಗೆ ಚೀಲಗಳು: ಒಂದರಲ್ಲಿ ಗುಂಡಿ, ಹುಕ್ಕು, ಇನ್ನೊಂದರಲ್ಲಿ ಸೀಮೆಸುಣ್ಣ, ಅಂಗುಸ್ತಾನ. ಬಳೆಯಂತೆ ಬಾಗಿಸಿದ ಸೊಂಡಿಲಿಗೆ ಸಣ್ಣ ಕತ್ತರಿ ತೂಗುತ್ತಿತ್ತು. “ಆನೀನೇ ಯಾಕವ್ವಾ?” ಎಂದು ಒಮ್ಮೆ ಕೇಳಿದ್ದೆ. “ಆನಿ ಎಷ್ಟು ಹೇರಿದ್ರೂ ಹೊರ್ತದಪಾ. ನನ್ನ ಸಂಸಾರ ಇದರ ಮ್ಯಾಲ ಹೇರೀನಿ” ಎಂದಳು.

ಆ ಮಾತು ಬರಿಯ ನಗೆಯ ಮಾತಲ್ಲ. ನಮ್ಮ ಮನೆಯ ಪೆಟ್ಟಿಗೆಯ ಕೀಲಿ ಅಪ್ಪನ ಬಳಿ, ಕಣಜದ ಅಧಿಕಾರ ಅಜ್ಜಿಯ ಬಳಿ ಇತ್ತು. ಅವ್ವನದೇ ಎನ್ನಬಹುದಾದ ಸ್ಥಳ ಆನೆಯ ಆ ಎರಡು ಚೀಲಗಳಷ್ಟೆ. ನಮ್ಮ ಸೀಮೆಯ ಹೆಂಗಸರು ಸೊಂಟಕ್ಕೆ ಸಿಕ್ಕಿಸುತ್ತಿದ್ದ ಚಂಚಿಯೂ ಅಂಥದೇ. ಪದರ ಪದರವಾಗಿ ಹೊಲಿದ ಆ ಚೀಲದಲ್ಲಿ ಎಲೆ, ಅಡಕೆ, ಸುಣ್ಣದ ಡಬ್ಬಿ, ನಾಲ್ಕು ಕಾಸು ಅಡಗುತ್ತಿದ್ದವು. ಚಂಚಿಯ ಇನ್ನೊಂದು ಹೆಸರೇ ಸಂಚಿ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದು ಸಂಚಿಯ ಹೊನ್ನಮ್ಮನೆಂದೇ ಉಳಿದಳು. ಅವಳು ಕಾವ್ಯ ಬರೆದುದರಿಂದ ಸಂಚಿಗೂ ಸಾಹಿತ್ಯಚರಿತ್ರೆಯಲ್ಲಿ ಸ್ಥಳ ದೊರೆಯಿತು. ಬರೆಯದವರ ಸಂಚಿಗಳು ಏನಾದವು?

ಈ ಪ್ರಶ್ನೆ ನನ್ನನ್ನು ಕಾಡಿದ್ದು ದೂರದ ಇನ್ನೊಂದು ಆನೆಯ ಕಥೆಯನ್ನು ಓದಿದಾಗ. ಜರ್ಮನಿಯ ಗೀಂಗೆನ್ ಎಂಬ ಸಣ್ಣ ಊರಿನಲ್ಲಿ 1847ರಲ್ಲಿ ಮಾರ್ಗರೆಟ್ ಸ್ಟೈಫ್ ಹುಟ್ಟಿದಳು. ಎರಡು ವರ್ಷ ತುಂಬುವ ಮೊದಲೇ ಪೋಲಿಯೊ ತಗುಲಿ ಕಾಲುಗಳು ನಿಶ್ಚೇಷ್ಟಿತವಾದವು, ಬಲಗೈ ಸೋತಿತು. ಆದರೂ ಹೊಲಿಗೆ ಕಲಿತಳು. 1877ರಲ್ಲಿ ಫೆಲ್ಟ್ ಎಂಬ ಒತ್ತುಣ್ಣೆಯ ಉಡುಪುಗಳ ಅಂಗಡಿ ತೆರೆದಳು. 1879ರ ಡಿಸೆಂಬರಿನಲ್ಲಿ ಉಡುಪಿನ ಪತ್ರಿಕೆಯೊಂದರಲ್ಲಿ ಕಂಡ ಮಾದರಿಯಂತೆ, ಕುರಿಯುಣ್ಣೆ ತುಂಬಿದ ಪುಟ್ಟ ಆನೆಗಳನ್ನು ಸೂಜಿ ಚುಚ್ಚಿಡಲೆಂದು ಹೊಲಿದು ಗೆಳತಿಯರಿಗೆ ಕೊಟ್ಟಳು. ಮಕ್ಕಳು ಸೂಜಿ ಕಿತ್ತು ಆನೆಗಳನ್ನು ಆಟಕ್ಕೆ ಒಯ್ದರು! 1886ರ ವೇಳೆಗೆ ಅಂಥ ಆನೆಗಳು ಐದು ಸಾವಿರಕ್ಕೂ ಹೆಚ್ಚು ಮಾರಾಟವಾದವು. 1902ರಲ್ಲಿ ಅವಳ ತಮ್ಮನ ಮಗ ರಿಚರ್ಡ್, ಕೈಕಾಲು ಆಡಿಸಬಲ್ಲ ಕರಡಿಯನ್ನು ರೂಪಿಸಿದ. ಜಗತ್ತಿನ ಮಕ್ಕಳು ಅಪ್ಪಿ ಮಲಗುವ ಕರಡಿಬೊಂಬೆಯ ಮೊದಲಿಗರಲ್ಲಿ ಅದೂ ಒಂದು. ಆ ಊರಿನಲ್ಲಿ ಇಂದು ಅದಕ್ಕೊಂದು ವಸ್ತುಸಂಗ್ರಹಾಲಯವಿದೆ.

ಎರಡು ಆನೆಗಳಿಗೂ ಹುಟ್ಟು ಒಂದೇ ಬಗೆಯದು: ಉಳಿದ ತುಂಡು, ಸೂಜಿಯ ಕಾಳಜಿ, ಹೆಣ್ಣಿನ ಕೈ. ಒಂದಕ್ಕೆ ಅಂಗಡಿಯಿತ್ತು, ಲೆಕ್ಕದ ಪುಸ್ತಕವಿತ್ತು. ಮಾರಿದ ಪ್ರತಿಯೊಂದು ಆನೆಯೂ ಬರೆಹಕ್ಕೆ ಇಳಿಯಿತು. ಇನ್ನೊಂದನ್ನು ಯಾರೂ ಬರೆದಿಡಲಿಲ್ಲ. ಬರೆಯಬೇಕಾಗಿದ್ದವನು ನಾನು.

ಶ್ರೋತೃಗಳೇ, ಒಂದು ತಪ್ಪೊಪ್ಪಿಗೆ. ಅವ್ವ ತೀರಿಕೊಂಡ ಮೇಲೆ ಸ್ಟೇಶನ್ ಬಜಾರದ ಆ ಮನೆಯನ್ನು ಖಾಲಿ ಮಾಡಿದವನು ನಾನೇ. ಹೊಲದ ಕಾಗದಪತ್ರಗಳನ್ನು, ಅಪ್ಪನ ಉರ್ದು ರಸೀದಿಗಳನ್ನು ದಾಖಲೆಗಳೆಂದು ಜೋಪಾನವಾಗಿ ಕಟ್ಟಿಟ್ಟೆ. ಬಣ್ಣ ಮಾಸಿದ ಆನೆಯನ್ನು ಚಿಂದಿಯ ಗಂಟಿನೊಡನೆ ಹೊರಗೆ ಹಾಕಿದೆ. ಇತಿಹಾಸ ಓದಿದವನ ಕೈಯಿಂದಲೇ ಅದು ಹೋಯಿತು.

ಕಳೆದ ವರ್ಷ ನನ್ನ ತಂಗಿ ನೆನಪಿನಿಂದ ಅಂಥದೊಂದನ್ನು ಹೊಲಿದಳು. ಜೂಲು ಸರಿಬಂತು, ಸೊಂಡಿಲೂ ಬಂತು. ಬೆನ್ನು ಮಾತ್ರ ಮೆತ್ತಗಾಗಿ ಸೂಜಿ ವಾಲುತ್ತಿತ್ತು. ಎರಡು ಸಲ ಬಿಚ್ಚಿ ತುಂಬಿದ ಬಳಿಕ ಅವಳೆಂದಳು: “ಅವ್ವ ಎಷ್ಟು ತುರುಕತಿದ್ದಳೋ ಏನೋ, ಅಣ್ಣಾ! ನಾವು ಕೇಳಲೇ ಇಲ್ಲ ನೋಡು.”

ಕೋಟೆಯನ್ನು ಕಾಯಲು ಸರಕಾರವಿದೆ. ನಿಮ್ಮ ಮನೆಯ ಗೂಡಿನಲ್ಲಿಯೂ ಸೂಜಿ ಚುಚ್ಚಿದ ಗಿಳಿಯೋ ಚಂಚಿಯೋ ಇದ್ದೀತು. ಅದನ್ನು ಹೊಲಿದವರು ಇನ್ನೂ ನಿಮ್ಮೊಡನಿದ್ದರೆ, ಒಳಗೆ ಏನು ತುಂಬಿದರೆಂದು ಇಂದೇ ಕೇಳಿ ಬರೆದಿಡಿ.