ಎಂಜಿನ್ನಿನ ಬಾಯಿಗೆ ಸಿಕ್ಕ ಹಕ್ಕಿ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಬಳಿ ಪ್ರದರ್ಶನಕ್ಕಿಟ್ಟ ಟುಪೊಲೆವ್-142ಎಂ ವಿಮಾನದ ಗಾತ್ರ ನೋಡಿಯೇ ಜನ ಬೆರಗಾಗುತ್ತಾರೆ. ಸ್ವಲ್ಪ ಹೊತ್ತು ಅದರ ಎಂಜಿನ್ನುಗಳನ್ನೂ ನೋಡಬೇಕು. ನಾಲ್ಕು ಎಂಜಿನ್, ಒಂದೊಂದರ ಮುಂದೆಯೂ ವಿರುದ್ಧ ದಿಕ್ಕಿಗೆ ತಿರುಗುವ ಎರಡೆರಡು ಪ್ರೊಪೆಲರ್. ಗಾಳಿ ಒಳಹೋಗುವ ಕಂಡಿ ಅವುಗಳ ಹಿಂದೆ. ಎದುರು ಬಂದ ಹಕ್ಕಿ ಮೊದಲು ಸಿಗುವುದು ಪ್ರೊಪೆಲರಿಗೆ. ಜೆಟ್ ಎಂಜಿನ್ನಿಗೆ ಅಷ್ಟೂ ಕಾವಲಿಲ್ಲ, ಅದರದು ಪೂರ್ತಿ ತೆರೆದ ಬಾಯಿ.

ಹಕ್ಕಿ ಡಿಕ್ಕಿ ವಿಮಾನದಷ್ಟೇ ಹಳೆಯದು. 1905ರಲ್ಲೇ ಆರ್ವಿಲ್ ರೈಟ್‌ನ ಹಾರಾಟದ ನಡುವೆ ಹಕ್ಕಿಯೊಂದು ಬಡಿದು ಸತ್ತಿತ್ತು. 1912ರಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚ್‌ನಲ್ಲಿ ಕಡಲಹಕ್ಕಿ ಬಡಿದು ಕ್ಯಾಲ್‌ಬ್ರೈತ್ ರಾಜರ್ಸ್ ಎಂಬ ವೈಮಾನಿಕ ಪ್ರಾಣ ಕಳೆದುಕೊಂಡ. ಆದರೂ ಅರ್ಧ ಶತಮಾನ ಇದನ್ನು ಯಾರೂ ದೊಡ್ಡದಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಳ್ಳುವಂತೆ ಮಾಡಿದ್ದು 1960ರ ಅಕ್ಟೋಬರ್ 4. ಬಾಸ್ಟನ್ನಿನಲ್ಲಿ ಮೇಲೇರುತ್ತಿದ್ದ ಎಲೆಕ್ಟ್ರಾ ವಿಮಾನ ಸ್ಟಾರ್ಲಿಂಗ್ ಹಿಂಡಿಗೆ ನುಗ್ಗಿ ನೀರಿಗೆ ಬಿತ್ತು. 62 ಮಂದಿ ಸತ್ತರು. ಅದಕ್ಕೂ ಟುಪೊಲೆವ್‌ನಂತೆ ನಾಲ್ಕು ಟರ್ಬೊಪ್ರಾಪ್ ಎಂಜಿನ್ ಇದ್ದವು. ಪ್ರೊಪೆಲರಿನ ಕಾವಲು ಸಾಲದು ಎಂಬುದು ಅಲ್ಲಿ ಕಂಡಿತು. ಸ್ಟಾರ್ಲಿಂಗ್ ಎಂದರೆ ನಮ್ಮ ಮೈನಾ, ಕಬ್ಬಕ್ಕಿಗಳ ಬಳಗದ್ದು, ನೂರು ಗ್ರಾಂ ಕೂಡ ತೂಗದು. ಅದರ ಬಲವೆಲ್ಲ ಹಿಂಡಿನಲ್ಲಿದೆ.

ಆಮೇಲೆ ಎಂಜಿನ್ ತಯಾರಕರು ಗಾಳಿಯೊತ್ತಡದ ತುಪಾಕಿಯಿಂದ ಸತ್ತ ಹಕ್ಕಿಗಳನ್ನು ಓಡುತ್ತಿರುವ ಎಂಜಿನ್ನಿಗೆ ಹೊಡೆದು ಪರೀಕ್ಷಿಸುವುದು ಕಡ್ಡಾಯವಾಯಿತು. ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲೂ ವಿಮಾನದ ಭಾಗಗಳ ಮೇಲೆ ಹಕ್ಕಿ ಹೊಡೆಯುವ ಇಂಥ ತುಪಾಕಿ ಇದೆ. ಮೆತ್ತಗಿನ ಹಕ್ಕಿ ಆ ವೇಗದಲ್ಲಿ ನೀರಿನಂತೆ ಹರಡಿಕೊಳ್ಳುತ್ತದೆ, ಆದರೆ ಹೊಡೆತ ಮಾತ್ರ ಲೋಹವನ್ನೂ ಬಗ್ಗಿಸುವಷ್ಟು. ಮುಂದಿನ ಫ್ಯಾನ್ ಬ್ಲೇಡಿಗೆ ಬಡಿದು ಅದು ಎಂಜಿನ್ನಿನ ನಡುಭಾಗ ಬಿಟ್ಟು ಹೊರಸುತ್ತಿನಲ್ಲಿ ಹರಿಯುವ ಗಾಳಿಯ ಜೊತೆ ಹಿಂದಕ್ಕೆ ಹೋದರೆ ಎಂಜಿನ್ ನಡುಗಿಯೂ ಓಡುತ್ತಿರುತ್ತದೆ. ನಡುಭಾಗಕ್ಕೆ ಹೋದರೆ ಕಥೆಯೇ ಬೇರೆ. ಗಾಳಿಯನ್ನು ಒತ್ತುವ ಕಂಪ್ರೆಸರಿನ ಸಣ್ಣ ಬ್ಲೇಡುಗಳು ಬಾಗುತ್ತವೆ, ಗಾಳಿಯ ಹರಿವು ಕಡಿಯುತ್ತದೆ, ಒತ್ತಿಟ್ಟ ಗಾಳಿ ಢಂ ಎಂದು ಮುಂದಕ್ಕೇ ನುಗ್ಗುತ್ತದೆ. ಇಂಧನ ಬರುತ್ತಲೇ ಇದ್ದು ಗಾಳಿ ಸಾಲದಾದಾಗ ಟರ್ಬೈನ್ ಮಿತಿಮೀರಿ ಕಾಯುತ್ತದೆ, ಇಲ್ಲವೇ ಒಳಗಿನ ಉರಿಯೇ ಆರಿಹೋಗುತ್ತದೆ. ಕ್ಯಾಬಿನ್ನಿಗೆ ಗಾಳಿ ಬರುವುದೂ ಸಾಮಾನ್ಯವಾಗಿ ಇದೇ ಕಂಪ್ರೆಸರಿನಿಂದ. ಹಾಗಾಗಿ ಕೆಲವೊಮ್ಮೆ ಪ್ರಯಾಣಿಕರ ಮೂಗಿಗೂ ಸುಟ್ಟ ಮಾಂಸದ ವಾಸನೆ ಬಡಿಯುತ್ತದೆ.

ಪರೀಕ್ಷೆ ಪಾಸಾದ ಎಂಜಿನ್ ಹಕ್ಕಿಯನ್ನು ಅರಗಿಸಿಕೊಳ್ಳುತ್ತದೆ ಎಂದು ತಿಳಿಯಬಾರದು. ದೊಡ್ಡ ಹಕ್ಕಿಯ ಪರೀಕ್ಷೆಯಲ್ಲಿ ಎಂಜಿನ್ ನಿಂತರೂ ಸರಿ. ಬೆಂಕಿ ಹರಡಬಾರದು, ಚೂರುಗಳು ಕವಚ ಒಡೆದು ಸಿಡಿಯಬಾರದು, ಅಷ್ಟೇ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಕೆನಡಾ ಹೆಬ್ಬಾತುಗಳು ಏರ್‌ಬಸ್ ಎ320ರ ಎರಡೂ ಎಂಜಿನ್ನಿಗೆ ಸಿಕ್ಕವು. ಹಕ್ಕಿಗಳ ತೂಕ ಆ ಎಂಜಿನ್ನಿನ ಪರೀಕ್ಷೆಯ 1.8 ಕಿಲೊ ಮಿತಿಯನ್ನು ಮೀರಿತ್ತು. ವಿಮಾನವನ್ನು ಹಡ್ಸನ್ ನದಿಗೆ ಇಳಿಸಿ 155 ಮಂದಿಯನ್ನು ಉಳಿಸಿದ್ದು ಪೈಲಟ್‌ಗಳ ಜಾಣ್ಮೆ.

ಕಾರವಾರಕ್ಕೆ ಇದೇನೂ ದೂರದ ಸುದ್ದಿಯಲ್ಲ. ಇಲ್ಲಿನ ಕದಂಬ ನೌಕಾನೆಲೆಯಲ್ಲಿ ನಿಲ್ಲುವ ವಿಮಾನವಾಹಕ ನೌಕೆ ವಿಕ್ರಮಾದಿತ್ಯದಿಂದ ಹಾರುವುದು ಮಿಗ್-29ಕೆ ಯುದ್ಧವಿಮಾನ. ಆ ಜಾತಿಯ ವಿಮಾನದ ಹೆಸರು ಹಕ್ಕಿ ಡಿಕ್ಕಿಯ ಚರಿತ್ರೆಯಲ್ಲಿ ಮೊದಲೇ ಸೇರಿದೆ: 1989ರ ಪ್ಯಾರಿಸ್ ವಿಮಾನ ಪ್ರದರ್ಶನದಲ್ಲಿ ಹಕ್ಕಿ ನುಂಗಿದ ಮಿಗ್-29 ನೆಲಕ್ಕಪ್ಪಳಿಸಿತ್ತು. 2019ರ ನವೆಂಬರ್ 16ರಂದು ಗೋವಾದಲ್ಲಿರುವ ನೌಕಾಪಡೆಯ ಹಂಸ ನೆಲೆಯಿಂದ ಎದ್ದ ಮಿಗ್-29ಕೆ ತರಬೇತಿ ವಿಮಾನ ಹಕ್ಕಿ ಹಿಂಡಿಗೆ ಸಿಕ್ಕಿತು. ಒಂದು ಎಂಜಿನ್ ಆರಿತು, ಇನ್ನೊಂದಕ್ಕೆ ಬೆಂಕಿ ಹತ್ತಿತು. ಇಬ್ಬರು ಪೈಲಟ್‌ಗಳೂ ಹೊರಚಿಮ್ಮಿ ಬದುಕಿದರು. ಈ ವಿಮಾನದ ಗಾಳಿಬಾಯಿಗೆ ಜಾಲರಿ ಇದೆ, ನಿಜ. ಅದು ರನ್‌ವೇಯ ಕಲ್ಲುಚೂರಿಗೆ, ಹಾರಾಟದಲ್ಲಿ ಸರಿದುಬಿಡುತ್ತದೆ.

ಎಂಜಿನ್ ಸುಧಾರಣೆಯಿಂದ ಆಗುವುದು ಇಷ್ಟೇ, ಹಾಗಾಗಿ ನೆಲದ ಕಡೆಯೂ ಗಮನ ಬೇಕು. 1980ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ನಮ್ಮ ವಿಮಾನನೆಲೆಗಳ ಹಕ್ಕಿಗಳನ್ನು ಅಧ್ಯಯನ ಮಾಡಿತು. ವಿಮಾನ ನಿಯಮಗಳು ನಿಲ್ದಾಣದ 10 ಕಿಲೊಮೀಟರ್ ಸುತ್ತ ಬಯಲಲ್ಲಿ ಪ್ರಾಣಿವಧೆಯನ್ನೂ ಹಕ್ಕಿ ಕರೆಯುವ ಕಸವನ್ನೂ ನಿಷೇಧಿಸಿವೆ. ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂದಾಗ ಸುತ್ತಲಿನ ಮಾಂಸದಂಗಡಿ ಮುಚ್ಚಿಸುತ್ತಾರಲ್ಲ, ಅದರ ಹಿಂದಿನ ಕಾರಣ ಮಾಂಸದ ಕಸಕ್ಕೆ ಬರುವ ಹದ್ದು. ಕೆಲವು ವಾರಗಳ ಈ ಕ್ರಮ ಪ್ರದರ್ಶನಕ್ಕೆ ಸಾಕಾದೀತು, ದಿನವೂ ವಿಮಾನ ಏರುವ ಊರಿಗೆ ಸಾಲದು.

ಈಗ ಅಂಕೋಲೆಯ ಅಲಗೇರಿ ನೋಡಿ. ನೌಕಾಪಡೆಯ ರನ್‌ವೇ, ಅಲ್ಲೇ ನಾಗರಿಕ ವಿಮಾನಗಳಿಗೂ ಜಾಗ, ಇದು ಯೋಜನೆ. ಪಕ್ಕದಲ್ಲಿ ಬೇಲೇಕೇರಿಯ ಮೀನುಗಾರಿಕೆ. ಮಳೆಗಾಲ ಮುಗಿದು ರಂಪಣಿ ಬಲೆ ದಡಕ್ಕೆ ಬರುವಾಗ ಗರುಡ, ಹದ್ದು, ಕಾಗೆ ತಲೆಯ ಮೇಲೇ ಸುತ್ತುತ್ತವೆ. ಚಳಿಗೆ ವಲಸೆಯ ಕಡಲಹಕ್ಕಿಗಳು ಹಿಂಡಾಗಿ ಬರುತ್ತವೆ. ಒಣಗಲು ಹರಡಿದ ತಾರ್ಲೆ ಮೀನು, ಸೆಟ್ಲಿ ಸಿಗಡಿಗೆ ಬಿಸಿಲಿನ ತಿಂಗಳುಗಳಲ್ಲೆಲ್ಲ ಈ ಹಕ್ಕಿಗಳ ಗಿರಾಕಿ ಇದ್ದೇ ಇದೆ. ಗದ್ದೆ, ಉಪ್ಪುನೀರಿನ ಗಜನಿ ಭೂಮಿಯಲ್ಲಿ ಬೆಳ್ಳಕ್ಕಿ. ಬೆಳೆದ ಬಿಳಿಹೊಟ್ಟೆಯ ಕಡಲ ಹದ್ದು ಎರಡು ಕಿಲೊ ದಾಟುತ್ತದೆ, ಎಂದರೆ ಹಡ್ಸನ್‌ಗೆ ಇಳಿದ ವಿಮಾನದ ಎಂಜಿನ್ ಪರೀಕ್ಷೆಯ ಮಿತಿಗಿಂತ ಹೆಚ್ಚು.

ನನಗಿರುವ ಭಯ, ನಾಳೆ ಡಿಕ್ಕಿಯಾದಾಗ ಬೆರಳು ಒಣಮೀನು ಮಾರುವ ಹೆಂಗಸರತ್ತ ತಿರುಗೀತು ಎಂಬುದು. ಮೀನು ಮೊದಲಿನಿಂದ ಇದೆ, ರನ್‌ವೇ ಈಗ ಬರುತ್ತಿದೆ. ಬಲೆ ಹೊದಿಸಿದ ಒಣಗಿಸುವ ಕಟ್ಟೆ, ಮೀನಿನ ತ್ಯಾಜ್ಯವನ್ನು ಅದೇ ದಿನ ಎತ್ತುವ ವ್ಯವಸ್ಥೆ, ಎಲ್ಲ ಋತುಗಳನ್ನೂ ಒಳಗೊಂಡ ಹಕ್ಕಿ ಗಣತಿ: ಈ ಮೂರರ ಖರ್ಚು ವಿಮಾನನಿಲ್ದಾಣದ ಲೆಕ್ಕಕ್ಕೇ ಸೇರಬೇಕು. ಗಣತಿಯ ವರದಿ ಅಲಗೇರಿ, ಬೇಲೇಕೇರಿಯ ಜನರ ಕೈಗೆ ಕನ್ನಡದಲ್ಲಿ ಬರಬೇಕು, ಅದೂ ಮೊದಲ ವಿಮಾನ ಏರುವ ಮುಂಚೆ.